ಬರಿಗಾಲಿನ ಆರು ಮಕ್ಕಳು

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಂಗಿಯ ಮಗಳು ಆಗ ಪದವಿಪೂರ್ವ ತರಗತಿಯಲ್ಲಿದ್ದಳು. ರಜೆಗೆಂದು ನಮ್ಮ ಮನೆಗೆ ಬಂದವಳು ಒಂದು ಸಂಜೆ ತಾನು ಬರೆದ ಚಿತ್ರವೊಂದನ್ನು ತಂದು, ನಾನು ಪಾಠಾಂತರಗಳನ್ನು ಗುರುತು ಹಾಕಿಕೊಳ್ಳುತ್ತಿದ್ದ ಹಾಳೆಗಳ ಮೇಲೆ ಇಟ್ಟಳು. ಆರು ಮಕ್ಕಳು ಒಂದೇ ಸಾಲಿನಲ್ಲಿ ನಿಂತಿದ್ದರು. ಒಬ್ಬಳ ಕೂದಲಿನಲ್ಲಿ ಬಣ್ಣಗೆಟ್ಟ ರಿಬ್ಬನ್, ಕೈಯಲ್ಲಿ ಆಟಿಕೆಯ ಚಾಕು. ಒಬ್ಬನ ಕೈಗೆ ದಪ್ಪ ಗವಸು, ತಲೆಗೆ ಕಟ್ಟಿದ ವಸ್ತ್ರ. ಮತ್ತೊಬ್ಬಳು ನೃತ್ಯದ ಲಂಗ ತೊಟ್ಟು ಒಂದು ಜೊತೆ ಬ್ಯಾಲೆ ಜೋಡುಗಳನ್ನು ಎದೆಗೆ ಒತ್ತಿಕೊಂಡಿದ್ದಳು. ಹರಿದ ನೋಟುಪುಸ್ತಕ ಹಿಡಿದ ಕನ್ನಡಕದ ಹುಡುಗ, ಕಲೆಯಾದ ಏಪ್ರನ್ ಕಟ್ಟಿಕೊಂಡು ಸುಟ್ಟ ಬಾಣಲೆ ಹಿಡಿದವಳು, ಅಗಲ ಅಂಚಿನ ಟೊಪ್ಪಿಯ ಕೆಳಗಿಂದ ನೋಡುತ್ತಿದ್ದ ಇನ್ನೊಬ್ಬ. ಆರೂ ಮಕ್ಕಳು ಬರಿಗಾಲಿನಲ್ಲಿದ್ದರು.

ಇವರು ಯಾರೆಂದು ಕೇಳಿದೆ. ಒಂದು ವಿಡಿಯೊ ಆಟದ ಪಾತ್ರಗಳೆಂದೂ, ಆದರೆ ಆಟದಲ್ಲಿ ಇವರು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲವೆಂದೂ ಹೇಳಿದಳು. ನನಗೆ ನಗು ಬಂತು. ಮತ್ತೊಬ್ಬರ ಕಥೆಗೆ, ಅದರಲ್ಲಿ ಇಲ್ಲದವರ ಚಿತ್ರ! "ಇದು ಪ್ರಕ್ಷಿಪ್ತ" ಎಂದೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವ ಲಿಪಿಕಾರರ ಚಪಲವನ್ನು ಕುರಿತು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಸಾಲದ್ದಕ್ಕೆ, ಕಾಲಿಗೆ ಜೋಡು ಬರೆಯುವುದನ್ನು ಮರೆತಿದ್ದೀಯೆ, ಒಬ್ಬಳಂತೂ ತೊಡಬೇಕಾದ್ದನ್ನು ಕೈಯಲ್ಲಿ ಹಿಡಿದಿದ್ದಾಳೆ ಎಂದೂ ತಿದ್ದಿದೆ. ಅವಳು ಏನೂ ಹೇಳದೆ ಹಾಳೆಯನ್ನು ಎತ್ತಿಕೊಂಡು ಹೋದಳು. ಆಮೇಲೆ ನನಗೆ ಯಾವ ಚಿತ್ರವನ್ನೂ ತೋರಿಸಲಿಲ್ಲ. ಹಸ್ತಪ್ರತಿಗಳಿಂದ ಪ್ರಕ್ಷಿಪ್ತಗಳನ್ನು ಹೆಕ್ಕಿ ತೆಗೆಯುವುದರಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಆ ಮೌನದ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಆ ಆಟದ ಹೆಸರು ಅಂಡರ್‌ಟೇಲ್. ಅಮೆರಿಕದ ಟೋಬಿ ಫಾಕ್ಸ್ ಎಂಬ ತರುಣ ಅದರ ಕಥೆ, ಸಂಭಾಷಣೆ, ಸಂಗೀತ ಮತ್ತು ಕಾರ್ಯಕ್ರಮರಚನೆಯ ಬಹುಪಾಲನ್ನು ಒಬ್ಬನೇ ಮಾಡಿದ. ಚಿತ್ರಗಳಿಗೆ ಮುಖ್ಯವಾಗಿ ಟೆಮ್ಮಿ ಚಾಂಗ್ ಎಂಬ ಕಲಾವಿದೆಯ ನೆರವಿತ್ತು. 2013ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ 5,000 ಡಾಲರು ಕೇಳಿದಾಗ 2,398 ಜನ ಸೇರಿ 51,124 ಡಾಲರು ಕೊಟ್ಟರು. 2015ರ ಸೆಪ್ಟೆಂಬರ್ 15ರಂದು ಆಟ ಪ್ರಕಟವಾಯಿತು. ಕಥೆಯ ಚೌಕಟ್ಟು ಜನಪದ ಕಥೆಯಷ್ಟೇ ಸರಳ. ಹಿಂದೊಮ್ಮೆ ಮನುಷ್ಯರಿಗೂ ವಿಚಿತ್ರ ಜೀವಿಗಳಿಗೂ ಯುದ್ಧ ನಡೆದು, ಗೆದ್ದ ಮನುಷ್ಯರು ಆ ಜೀವಿಗಳನ್ನು ಮಂತ್ರದ ತಡೆಯೊಂದರಿಂದ ಪಾತಾಳದಲ್ಲಿ ಬಂಧಿಸುತ್ತಾರೆ. ಎಷ್ಟೋ ಕಾಲದ ಮೇಲೆ ಎಬಟ್ ಎಂಬ ಬೆಟ್ಟವನ್ನು ಹತ್ತಿದ ಮಗುವೊಂದು ಕಾಲು ಜಾರಿ ಆ ಪಾತಾಳಕ್ಕೆ ಬೀಳುತ್ತದೆ. ಆ ಮಗುವನ್ನು ನಡೆಸುವವನು ಆಟಗಾರ. ಎದುರಾದ ಪ್ರತಿಯೊಂದು ಜೀವಿಯನ್ನೂ ಅವನು ಕೊಲ್ಲಬಹುದು. ಇಲ್ಲವೆ ಮಾತಾಡಿಸಿ, ನಗಿಸಿ, ಸಮಾಧಾನಪಡಿಸಿ ಬಿಟ್ಟುಬಿಡಬಹುದು. ಯಾರನ್ನೂ ಕೊಲ್ಲದೆಯೇ ಇಡೀ ಆಟವನ್ನು ಮುಗಿಸಲು ಸಾಧ್ಯವಿದೆ.

ಕಳೆದ ವರ್ಷ ಅನಾರೋಗ್ಯದಿಂದ ಕೆಲವು ವಾರ ಮನೆಯಲ್ಲೇ ಇರಬೇಕಾಗಿ ಬಂದಾಗ, ಹಳೆಯ ಆ ಸಂಜೆ ನೆನಪಾಗಿ, ಈ ಆಟವನ್ನು ನಾನೇ ಆಡಿ ನೋಡೋಣವೆಂದು ಕುಳಿತೆ. ಬೆರಳುಗಳಿಗೆ ಅಭ್ಯಾಸವಿರಲಿಲ್ಲ, ಮೊದಲ ಗಂಟೆಯಲ್ಲಿ ಮಗು ನನ್ನ ಕೈಯಲ್ಲಿ ಹಲವು ಸಲ ಸತ್ತಿತು. ಪಾತಾಳದಲ್ಲಿ ಬಿದ್ದ ಮಗುವನ್ನು ಮೊದಲು ಎತ್ತಿಕೊಳ್ಳುವವಳು ಟೋರಿಯಲ್. ಆಡಿನ ಮುಖದ, ದೊಡ್ಡ ಮೈಯ, ತಾಯಿಯಂಥ ಜೀವಿ. ಅವಳು ಕೈ ಹಿಡಿದು ನಡೆಸುತ್ತಾಳೆ, ಮನೆಗೆ ಕರೆದೊಯ್ಯುತ್ತಾಳೆ, ಬಟರ್‌ಸ್ಕಾಚ್ ಮತ್ತು ದಾಲ್ಚಿನ್ನಿಯ ಪೈ ಬೇಯಿಸುತ್ತಾಳೆ, ಮಲಗಲು ಒಂದು ಕೋಣೆ ಕೊಡುತ್ತಾಳೆ. ಆ ಕೋಣೆಯಲ್ಲಿ ಒಂದು ಪೆಟ್ಟಿಗೆಯಿದೆ. ಅದರ ಮುಂದೆ ನಿಂತು ಗುಂಡಿ ಒತ್ತಿದರೆ, ಬೇರೆ ಬೇರೆ ಅಳತೆಯ ಮಕ್ಕಳ ಜೋಡುಗಳು ಅದರಲ್ಲಿವೆ ಎಂಬ ಒಂದು ಸಾಲು ಮೂಡುತ್ತದೆ. ಅಷ್ಟೇ. ಯಾರ ಜೋಡುಗಳು, ಅವರೆಲ್ಲ ಎಲ್ಲಿ ಹೋದರು ಎಂಬ ವಿವರಣೆಯಿಲ್ಲ.

ನಾನು ಅಲ್ಲಿಯೇ ನಿಂತುಬಿಟ್ಟೆ. ಮೇಜಿನ ಮೇಲೆ ಬಂದು ಬಿದ್ದಿದ್ದ ಆ ಹಾಳೆಯ ಆರು ಜೊತೆ ಬರಿಗಾಲುಗಳು ಕಣ್ಣ ಮುಂದೆ ಬಂದವು. ಹುಡುಗಿ ಏನನ್ನೂ ಮರೆತಿರಲಿಲ್ಲ. ಅವಳು ಪಠ್ಯವನ್ನು ನನಗಿಂತ ಎಚ್ಚರದಿಂದ ಓದಿದ್ದಳು.

ಮುಂದೆ ನಡೆದದ್ದನ್ನು ಹೇಳಲು ಈಗಲೂ ಸಂಕೋಚವಾಗುತ್ತದೆ. ಮಗು ತನ್ನ ಲೋಕಕ್ಕೆ ಮರಳಬೇಕೆಂದಾಗ ಟೋರಿಯಲ್ ಅಡ್ಡ ನಿಲ್ಲುತ್ತಾಳೆ. ಹೊರಗೆ ಹೋದ ಮಕ್ಕಳೆಲ್ಲ ಸತ್ತಿದ್ದಾರೆಂದು ಅವಳಿಗೆ ಗೊತ್ತು. ದಾಟಬೇಕಾದರೆ ತನ್ನೊಡನೆ ಹೋರಾಡಿ ಶಕ್ತಿಯನ್ನು ತೋರಿಸು ಎನ್ನುತ್ತಾಳೆ. ಎದುರಾಳಿಯನ್ನು ಸಾಕಷ್ಟು ದಣಿಸಿದರೆ ಅದು ಜಗಳ ಬಿಟ್ಟು ಹೋಗಬಹುದೆಂದು ಆಟ ಮೊದಲೇ ಒಂದು ಕಪ್ಪೆಯ ಬಾಯಿಂದ ಹೇಳಿಸಿರುತ್ತದೆ. ನಾನು ಅದನ್ನೇ ನಂಬಿ, ಅವಳನ್ನು ಸ್ವಲ್ಪ ದಣಿಸಿ ಆಮೇಲೆ ಬಿಟ್ಟುಬಿಡುವ ಲೆಕ್ಕದಲ್ಲಿ ಹೊಡೆಯುತ್ತ ಹೋದೆ. ಒಂದು ಹಂತದಲ್ಲಿ ಹಿಂದಿನವುಗಳಿಗಿಂತ ಎಷ್ಟೋ ಪಟ್ಟು ಬಲವಾದ ಪೆಟ್ಟೊಂದು ತಾನಾಗಿಯೇ ಬಿದ್ದು ಅವಳು ಸತ್ತಳು. ಸಾಯುವಾಗಲೂ ಮಗುವಿಗೆ ಒಳ್ಳೆಯದನ್ನೇ ಹಾರೈಸಿದಳು. ಮಗುವಿನ ಜೀವ ಕುಗ್ಗಿದಾಗ ಅವಳ ಬೆಂಕಿಯ ಕಿಡಿಗಳು ತಾವಾಗಿಯೇ ಪಕ್ಕಕ್ಕೆ ಸರಿದುಹೋಗುತ್ತಿದ್ದವು ಎಂಬುದು ನನಗೆ ಹೊಳೆದದ್ದು ಆಮೇಲೆ. ಅವಳನ್ನು ಉಳಿಸುವ ದಾರಿ, ಕ್ಷಮಿಸುವ ಗುಂಡಿಯನ್ನು ಫಲ ಕಾಣದಿದ್ದರೂ ಮತ್ತೆ ಮತ್ತೆ ಒತ್ತುತ್ತಿರುವುದು. ನಾನು ಎರಡು ಬಾರಿ ಒತ್ತಿ, ಪ್ರಯೋಜನವಿಲ್ಲವೆಂದು ಬಿಟ್ಟಿದ್ದೆ.

ಎಲ್ಲರಂತೆ ನಾನೂ ಆಟವನ್ನು ಹಿಂದಕ್ಕೆ ತಂದು, ಈ ಸಲ ತಾಳ್ಮೆಯಿಂದ ಅವಳನ್ನು ಉಳಿಸಿ, ತಪ್ಪನ್ನು ಅಳಿಸಿದೆನೆಂದು ನೆಮ್ಮದಿಪಟ್ಟೆ. ಬಾಗಿಲು ದಾಟಿದೊಡನೆ ಫ್ಲವಿ ಎಂಬ ಮಾತನಾಡುವ ಹೂವು ಎದುರಾಯಿತು. ನೀನು ಮಾಡಿದ್ದು ನನಗೆ ಗೊತ್ತು, ಅವಳನ್ನು ಕೊಂದು, ಪಶ್ಚಾತ್ತಾಪಪಟ್ಟು ಹಿಂದಕ್ಕೆ ಹೋಗಿ ಬಂದಿದ್ದೀಯೆ ಎಂಬರ್ಥದ ಮಾತು ಆಡಿತು. ಓದಿದ ಯಾವ ಗ್ರಂಥವೂ ನನ್ನನ್ನು ಹಾಗೆ ಹೆಸರು ಹಿಡಿದು ಕೂಗಿರಲಿಲ್ಲ.

ವಿಡಿಯೊ ಆಟಗಳಲ್ಲಿ ಕರುಣರಸ ಹೊಸದೇನೂ ಅಲ್ಲ. 1997ರಲ್ಲಿ ಜಪಾನಿನಲ್ಲಿ ಪ್ರಕಟವಾದ ಫೈನಲ್ ಫ್ಯಾಂಟಸಿ 7 ಎಂಬ ಆಟದಲ್ಲಿ ಏರಿತ್ ಎಂಬ ಹೂ ಮಾರುವ ಹುಡುಗಿ, ಗಂಟೆಗಟ್ಟಲೆ ಆಟಗಾರನ ಜೊತೆಯಲ್ಲಿ ನಡೆದವಳು, ಕಥೆಯ ನಡುವೆ ಖಡ್ಗಕ್ಕೆ ಬಲಿಯಾಗುತ್ತಾಳೆ. ಆಟಗಾರ ಏನು ಮಾಡಿದರೂ ಅವಳನ್ನು ಉಳಿಸಲಾರ. ಅವಳು ಬದುಕಿಬರುವ ಗುಪ್ತ ದಾರಿಯೊಂದು ಇದ್ದೇ ಇದೆಯೆಂಬ ವದಂತಿಗಳು ವರ್ಷಗಟ್ಟಲೆ ಹರಡಿದವು. ಅವಳ ಚಿತ್ರಗಳನ್ನು ಅಭಿಮಾನಿಗಳು ಇಂದಿಗೂ ಬರೆಯುತ್ತಿದ್ದಾರೆ. ಆದರೆ ಅಲ್ಲಿನ ದುಃಖ ನಮಗೆ ಪರಿಚಿತವಾದ ದುಃಖ. ನಾವು ನೋಡುವವರು, ಕೊಂದವನು ಬೇರೆ. ನಮ್ಮ ರಸಮೀಮಾಂಸೆ ಮಾತಾಡುವುದು ಇಂಥ ಪ್ರೇಕ್ಷಕನನ್ನು ಕುರಿತೇ. ಸಹೃದಯನು ಸಾಧಾರಣೀಕರಣದಿಂದ ಪಾತ್ರದ ಭಾವವನ್ನು ಆಸ್ವಾದಿಸುತ್ತಾನೆ. ಆ ಭಾವದ ಹೊಣೆ ಅವನ ಮೇಲೆ ಬೀಳುವುದಿಲ್ಲ. ದುರ್ಯೋಧನನ ತೊಡೆ ಮುರಿದದ್ದಕ್ಕೆ ಓದುಗನು ಮರುಗಬಲ್ಲ, ಅಪರಾಧಿಯಾಗಲಾರ. ಟೋರಿಯಲ್‌ಳ ಸಾವು ನನ್ನಲ್ಲಿ ಹುಟ್ಟಿಸಿದ್ದು ಶೋಕ ಮಾತ್ರವಲ್ಲ, ಅಪರಾಧಭಾವ. ಒಂಬತ್ತು ರಸಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲದಿರುವುದು ಶಾಸ್ತ್ರದ ಕೊರತೆಯಲ್ಲ. ನಾಟಕಕ್ಕೆ ಪ್ರೇಕ್ಷಕನ ಕೈಯಲ್ಲಿ ಕತ್ತಿ ಕೊಡುವ ಅಗತ್ಯವೇ ಇರಲಿಲ್ಲ.

ಹಾಗಾದರೆ ಕೊಂದದ್ದು ಏನನ್ನು? ಪರದೆಯ ಮೇಲಿನ ಕೆಲವು ಬಿಳಿ ಚುಕ್ಕೆಗಳನ್ನು. ಈ ಪ್ರಶ್ನೆ ಬಂದಾಗ ನನಗೆ ನೆನಪಾದದ್ದು 1209ರಲ್ಲಿ ಪೂರ್ಣಗೊಂಡ ಜನ್ನನ ಯಶೋಧರ ಚರಿತೆ. ಜೀವಬಲಿ ಕೊಡಲು ಒಪ್ಪದ ಅರಸ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ಕಡಿಯುತ್ತಾನೆ. ಕತ್ತಿ ತಾಕಿದಾಗ ಆ ಕೋಳಿ ಕೂಗುತ್ತದೆ. ಅಷ್ಟರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಹಿಂಸೆಗೆ ಗುರಿಯಾಗುತ್ತಾರೆ. ತರಗತಿಗಳಲ್ಲಿ ಸಂಕಲ್ಪಹಿಂಸೆಯ ವಿಷಯ ಬಂದಾಗಲೆಲ್ಲ, ಹಿಟ್ಟನ್ನು ಕಡಿದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಿದ್ದ. ನಾನು ಶಾಸ್ತ್ರದ ಉತ್ತರವನ್ನು ಒಪ್ಪಿಸುತ್ತಿದ್ದೆ. ಅದು ಸರಿಯಾದ ಉತ್ತರವೇ. ಆದರೆ ಅದರ ಹಿಂದೆ ನನ್ನ ಅನುಭವ ಇರಲಿಲ್ಲ. ಅಂಡರ್‌ಟೇಲ್‌ನಲ್ಲಿ ಕೊಂದಾಗಲೆಲ್ಲ ಏರುವ ಅಂಕಕ್ಕೆ ಇಂಗ್ಲಿಷಿನಲ್ಲಿ ಪ್ರೀತಿ ಎಂಬರ್ಥದ ಹೆಸರಿದೆ. ಅದು ಶ್ಲೇಷವೆಂದೂ, ಆ ನಾಲ್ಕಕ್ಷರಗಳ ನಿಜವಾದ ವಿಸ್ತರಣೆ ಹಿಂಸೆಯ ಮಟ್ಟವೆಂದೂ ಗೊತ್ತಾಗುವುದು ಕೊನೆಯ ಓಣಿಯಲ್ಲಿ, ಅಷ್ಟೂ ದಾರಿ ಸವೆಸಿದ ಮೇಲೆ. ಹಿಟ್ಟಿನ ಕೋಳಿಯ ಕೂಗು ಕೇಳಿಸುವುದು ಕಡಿದ ಮೇಲೆಯೇ.

ಆಟಕ್ಕೆ ಇನ್ನೊಂದು ಕರಾಳ ಮಾರ್ಗವಿದೆ. ಪ್ರತಿಯೊಂದು ಪ್ರದೇಶದಲ್ಲಿಯೂ ಹುಡುಕಿ ಹುಡುಕಿ ಒಂದು ಜೀವಿಯೂ ಉಳಿಯದಂತೆ ಕೊಲ್ಲುವ ಮಾರ್ಗ. ಅದನ್ನು ಆಡಲು ನನಗೆ ಮನಸ್ಸಾಗಲಿಲ್ಲ. ಬೇರೆ ಯಾರೋ ಆಡಿ ಮುದ್ರಿಸಿಟ್ಟದ್ದನ್ನು ನೋಡಿದೆ. ಸಂಶೋಧಕನಿಗೆ ಎಲ್ಲ ಪಾಠಗಳೂ ಬೇಕಲ್ಲವೆ ಎಂದು ಸಮಜಾಯಿಷಿ ಕೊಟ್ಟುಕೊಂಡೆ. ಪಪೈರಸ್ ಎಂಬ ಮುಗ್ಧ ಅಸ್ಥಿಪಂಜರ ತೋಳು ಚಾಚಿ ಕ್ಷಮಿಸಲು ಬಂದು ಹತನಾಗುವುದನ್ನೂ, ಆಗಲೂ ಕೊಂದವನು ಒಳ್ಳೆಯವನಾಗಬಲ್ಲನೆಂದು ಅವನು ನಂಬುವುದನ್ನೂ ನೋಡಿದೆ. ಕೊನೆಯ ಭಾಗದಲ್ಲಿ ಅದೇ ಹೂವು ಮತ್ತೆ ಬಂದು, ತಾವು ಮಾಡುವ ಧೈರ್ಯವಿಲ್ಲದೆ ಬರಿದೆ ನೋಡುತ್ತ ನಿಲ್ಲುವವರಿಗಿಂತ ನಾವೇ ಮೇಲು, ಅಂಥವನೊಬ್ಬ ಈಗಲೂ ನೋಡುತ್ತಿರಬಹುದು ಎಂದು ಹಂಗಿಸಿತು. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯ ಮೂರು ಬಗೆಗಳನ್ನು ಎಷ್ಟೋ ಸಲ ಬರೆದ ಕೈ ನನ್ನದು. ಮೂರನೆಯದು ಕುತೂಹಲದ ವೇಷದಲ್ಲಿಯೂ ಬರಬಹುದೆಂದು ನನಗೆ ಕಲಿಸಿದ್ದು ಒಂದು ಆಟದ ಹೂವು. ಈ ಮಾರ್ಗವನ್ನು ಮುಗಿಸಿದವನು ಲೋಕವನ್ನು ಮತ್ತೆ ಪಡೆಯಬೇಕಾದರೆ ತನ್ನ ಆತ್ಮವನ್ನೇ ಒತ್ತೆಯಿಡಬೇಕು. ಆಮೇಲೆ ಎಲ್ಲರನ್ನೂ ಉಳಿಸಿ ಶುಭಾಂತ್ಯವನ್ನು ತಲುಪಿದರೂ ಕಲೆ ಉಳಿಯುತ್ತದೆ: ಗೆಳೆಯರೆಲ್ಲ ಕೂಡಿ ನಿಂತ ಕೊನೆಯ ಛಾಯಾಚಿತ್ರದಲ್ಲಿ ಅವರ ಮುಖಗಳ ಮೇಲೆ ಕೆಂಪು ಗೀಟುಗಳು ಬಿದ್ದಿರುತ್ತವೆ.

ಅಭಿಮಾನಿಗಳು ಬರೆಯುವ ಚಿತ್ರಗಳ, ಫ್ಯಾನ್ ಆರ್ಟ್ ಎಂದು ಕರೆಯುವುದರ, ಬೇರು ನನಗೆ ಕಂಡದ್ದು ಇಲ್ಲಿ. ಅವು ಪ್ರಿಯಪಾತ್ರದ ಪ್ರತಿಕೃತಿಗಳೆಂದಷ್ಟೇ ನಾನು ತಿಳಿದಿದ್ದೆ. ಹುಡುಕಿ ನೋಡುತ್ತ ಹೋದಂತೆ ಬೇರೊಂದು ಕ್ರಮ ಕಾಣಿಸಿತು. ಟೋರಿಯಲ್ ಮಗುವಿಗೆ ಪಾಠ ಹೇಳುತ್ತಿರುವುದು, ಪೈ ಹಂಚುತ್ತಿರುವುದು, ಪಪೈರಸ್ ತನ್ನ ಅಣ್ಣ ಸಾನ್ಸ್‌ನೊಡನೆ ಮೇಲಿನ ಲೋಕದ ಬಿಸಿಲಿನಲ್ಲಿ ಕುಳಿತಿರುವುದು. ಆಟದಲ್ಲಿ ಒಂದು ಸಾಲಿನಷ್ಟೇ ಇರುವ ಅಥವಾ ಇಲ್ಲವೇ ಇಲ್ಲದ ಸಾಮಾನ್ಯ ದಿನಗಳು. ಮಾಡಬಾರದ್ದನ್ನು ಮಾಡಿದ ಕೈ ಮಾಡಬೇಕಾದ್ದನ್ನು ಕಾಗದದ ಮೇಲೆ ಮಾಡುತ್ತಿದೆ. ಆಟ ಕೊಡದ ಪ್ರಾಯಶ್ಚಿತ್ತವನ್ನು ಕುಂಚ ತಾನೇ ವಿಧಿಸಿಕೊಳ್ಳುತ್ತಿದೆ. ಇದಕ್ಕೆ ಆಟದ ರೂಪವೂ ಅವಕಾಶ ಕೊಟ್ಟಿದೆ. ಹೋರಾಟದ ದೃಶ್ಯಗಳು ಬಹುಮಟ್ಟಿಗೆ ಕಪ್ಪು ನೆಲದ ಮೇಲಿನ ಬಿಳಿ ಗೆರೆಗಳು. ಮಗುವಿನ ಮುಖದಲ್ಲಿ ಭಾವವನ್ನು ತೋರಿಸುವ ಗೆರೆಯೇ ಇಲ್ಲ, ಅದು ಹೆಣ್ಣೋ ಗಂಡೋ ಎಂಬುದನ್ನೂ ಹೇಳಿಲ್ಲ. ಹೇಳದೆ ಬಿಟ್ಟಲ್ಲಿ ಧ್ವನಿಗೆ ಸ್ಥಳ. ಎಲ್ಲವನ್ನೂ ಬಣ್ಣ ತುಂಬಿ ತೋರಿಸಿಬಿಟ್ಟಿದ್ದರೆ ಇಷ್ಟು ಜನ ಪೆನ್ಸಿಲ್ ಹಿಡಿಯುತ್ತಿರಲಿಲ್ಲವೇನೊ.

ಆ ಆರು ಮಕ್ಕಳದು ಇದರ ಅತ್ಯುತ್ತಮ ನಿದರ್ಶನ. ಮಂತ್ರದ ತಡೆಯನ್ನು ಮುರಿಯಲು ಪಾತಾಳದ ದೊರೆಗೆ ಮನುಷ್ಯರ ಏಳು ಆತ್ಮಗಳು ಬೇಕು; ಆರು ಈಗಾಗಲೇ ಅವನಲ್ಲಿವೆ. ಅವುಗಳ ಬಣ್ಣ ಮಾತ್ರ ನಮಗೆ ಕಾಣುತ್ತದೆ, ಮುಖಗಳಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ಒಂದು ರಿಬ್ಬನ್, ಒಂದು ಗವಸು, ಒಂದು ಜೊತೆ ಬ್ಯಾಲೆ ಜೋಡು, ಒಂದು ಬಾಣಲೆ, ಗುಂಡಿಲ್ಲದ ಒಂದು ಪಿಸ್ತೂಲು ಸಿಗುತ್ತವೆ. ಇವು ಆ ಮಕ್ಕಳವೆಂದು ಆಟ ಬಿಡಿಸಿ ಹೇಳುವುದಿಲ್ಲ. ಸಾಮಾನ್ಯ ಆಟಗಾರನಿಗೆ ಅವು ಆಯುಧ ಮತ್ತು ಕವಚ ಮಾತ್ರ. ಅಭಿಮಾನಿಗಳು ಅವನ್ನು ಕೂಡಿಸಿ, ಬಣ್ಣಗಳೊಡನೆ ಹೋಲಿಸಿ, ಒಡೆಯರನ್ನು ಊಹಿಸಿ ಮುಖ ಕೊಟ್ಟರು. ಒಡೆದ ವೀರಗಲ್ಲಿನಲ್ಲಿ ಹೆಸರು ಅಳಿಸಿಹೋದ ಮನುಷ್ಯನನ್ನು ಅವನ ಬಿಲ್ಲು, ಪಕ್ಕದ ಹಸುಗಳು, ಮೇಲಿನ ಪಟ್ಟಿಕೆಯ ಅಪ್ಸರೆಯರಿಂದ ಊಹಿಸುವ ನಾವು ಮಾಡುವುದು ಇದಕ್ಕಿಂತ ಬೇರೆಯಾದ ಕೆಲಸವೆ? ನಮ್ಮದು ಊಹೆಯೆಂದು ಅಡಿಟಿಪ್ಪಣಿ ಹಾಕುತ್ತೇವೆ; ಅವರದು ಊಹೆಯೆಂದು ಎಲ್ಲರಿಗೂ ಗೊತ್ತಿದೆ.

ಈ ಆಟದ ಕರ್ತೃವೂ ಹೀಗೆಯೇ ಬೆಳೆದವನೆಂಬುದು ಗಮನಾರ್ಹ. ಜಪಾನಿನ ಲೇಖಕ ಶಿಗೆಸಾತೊ ಇತೊಯಿ ರಚಿಸಿದ, 1994ರಲ್ಲಿ ಅಲ್ಲಿ ಪ್ರಕಟವಾಗಿ ಅಮೆರಿಕದಲ್ಲಿ ಅರ್ತ್‌ಬೌಂಡ್ ಎಂಬ ಹೆಸರು ಪಡೆದ ಆಟದ ಅಭಿಮಾನಿ ಟೋಬಿ ಫಾಕ್ಸ್. ಆ ಆಟದ ಕೊನೆಯ ಶತ್ರು ಸೋಲುವುದು ಪ್ರಾರ್ಥನೆಯಿಂದ. ಆ ಪ್ರಾರ್ಥನೆ ಕಟ್ಟಕಡೆಗೆ ಪರದೆಯ ಈಚೆ ಕುಳಿತ ಆಟಗಾರನ ಹೆಸರನ್ನು ಮುಟ್ಟುತ್ತದೆ. 2008ರಲ್ಲಿ, ಹದಿಹರೆಯದಲ್ಲಿ, ಫಾಕ್ಸ್ ಆ ಆಟದ ಒಳಗನ್ನೇ ಬದಲಿಸಿ ತನ್ನದೊಂದು ಕರಾಳ ಕಥೆಯನ್ನು ಅದರಲ್ಲಿ ಸೇರಿಸಿದ. ನನ್ನ ಪರಿಭಾಷೆಯಲ್ಲಿ ಅಪ್ಪಟ ಪ್ರಕ್ಷಿಪ್ತ. ಅಂಡರ್‌ಟೇಲ್‌ನ ಅತ್ಯಂತ ಪ್ರಸಿದ್ಧ ರಾಗಗಳಲ್ಲೊಂದು ಮೊದಲು ಕೇಳಿಸಿದ್ದು ಆ ಪ್ರಕ್ಷಿಪ್ತದಲ್ಲಿ. ಲಿಪಿಕಾರ ಮುಂದೆ ಕವಿಯಾದ.

ಭವಭೂತಿಯ ಉತ್ತರರಾಮಚರಿತ ಇಲ್ಲಿ ನೆನಪಾಗದಿರದು. ಅದರ ಮೊದಲ ಅಂಕದಲ್ಲಿ ರಾಮಸೀತೆಯರು ತಮ್ಮದೇ ಕಥೆಯ ಚಿತ್ರಗಳನ್ನು ನೋಡುತ್ತಾರೆ. ಮುಗಿದುಹೋದ ನೋವು ಚಿತ್ರದಲ್ಲಿ ಮರಳಿ ಬರುತ್ತದೆ. ಕೊನೆಯ ಅಂಕದಲ್ಲಿ ಕವಿ, ವಾಲ್ಮೀಕಿಯ ಕಥೆ ಬೇರ್ಪಡಿಸಿದವರನ್ನು ಒಂದುಗೂಡಿಸುತ್ತಾನೆ. ಸೀತೆಯ ದುಃಖವನ್ನು ತಾಳಲಾರದ ಒಬ್ಬ ಓದುಗ ಲೇಖನಿ ಎತ್ತಿಕೊಂಡದ್ದರ ಫಲ ಆ ನಾಟಕ. ಭವಭೂತಿಯನ್ನೂ ಒಬ್ಬ ಶಾಲಾ ಹುಡುಗಿಯನ್ನೂ ಸಮನೆಂದು ಹೇಳುತ್ತಿಲ್ಲ. ಇಬ್ಬರನ್ನೂ ಬರೆಸಿದ ನೋವು ಒಂದೇ ಜಾತಿಯದೆನ್ನುತ್ತಿದ್ದೇನೆ.

ಎಲ್ಲ ಅಭಿಮಾನಿ ಚಿತ್ರಗಳೂ ಇಂಥವಲ್ಲ. ಮುದ್ದು ಮಾಡಿ ಮಾಡಿ ಮೂಲದ ಗಾಂಭೀರ್ಯವನ್ನೇ ಕಳೆದವು ಬೇಕಾದಷ್ಟಿವೆ; ಕೊಲೆಯ ಮಾರ್ಗವನ್ನೇ ವೈಭವೀಕರಿಸುವವೂ ಇವೆ. ಪಾತ್ರಗಳೆಲ್ಲ ಕ್ರೂರಿಗಳಾದ ಅಂಡರ್‌ಫೆಲ್, ಸ್ವಭಾವಗಳು ಅದಲುಬದಲಾದ ಅಂಡರ್‌ಸ್ವಾಪ್ ಮುಂತಾದ ಕಲ್ಪಿತ ಲೋಕಗಳಲ್ಲಿ ಮೂಲವನ್ನು ಮರೆತೇಬಿಟ್ಟವರೂ ಇದ್ದಾರೆ. ಗ್ರಂಥಸಂಪಾದಕನಾಗಿ ನಾನು ನಾಳೆಯೂ ಪ್ರಕ್ಷಿಪ್ತವನ್ನು ಮೂಲದಿಂದ ಬೇರೆ ಮಾಡುತ್ತೇನೆ. ಅದು ನನ್ನ ಕರ್ತವ್ಯ. ಆದರೆ ಬೇರೆ ಮಾಡುವುದು ಒಂದು, ಎಸೆಯುವುದು ಇನ್ನೊಂದು. ಯಾವ ಕಡೆ ಓದುಗ ಸುಮ್ಮನಿರಲಾರದೆ ಲೇಖನಿ ಎತ್ತಿದ, ಏನನ್ನು ಸರಿಪಡಿಸಬಯಸಿದ ಎಂಬುದು ಆ ಕೃತಿ ಮನುಷ್ಯರ ಎದೆಯಲ್ಲಿ ಬದುಕಿದ ಚರಿತ್ರೆ. ಅದನ್ನು ಪರಿಶಿಷ್ಟದಲ್ಲಾದರೂ ಉಳಿಸಿಕೊಳ್ಳಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಈಗ ಹೇಳುತ್ತೇನೆ.

ಆಟ ಮುಗಿಸಿದ ರಾತ್ರಿ ತಂಗಿಯ ಮಗಳಿಗೆ ದೂರವಾಣಿ ಮಾಡಿದೆ. ಅವಳೀಗ ಕೆಲಸದಲ್ಲಿದ್ದಾಳೆ. ಜೋಡುಗಳ ಪೆಟ್ಟಿಗೆಯನ್ನು ನೋಡಿದೆ ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಚಿತ್ರ ಇದೆಯೇ ಎಂದು ಕೇಳಿದೆ. ಯಾರಿಗೋ ಕೊಟ್ಟೆ, ಅವರಲ್ಲಿಯೂ ಈಗ ಇರಲಾರದು ಎಂದಳು. ಮತ್ತೆ ಬರೆಯುತ್ತೀಯಾ ಎಂದು ಕೇಳುವ ಅಧಿಕಾರ ನನಗಿದೆ ಎನಿಸಲಿಲ್ಲ, ಕೇಳಲಿಲ್ಲ. ಹೆಸರು ಮಾತ್ರ ಉಳಿದು ಪಠ್ಯ ಕಳೆದುಹೋದ ಕಾವ್ಯಗಳು ನಮ್ಮ ಸಾಹಿತ್ಯದಲ್ಲಿ ಎಷ್ಟೋ ಇವೆ. ಅವುಗಳ ಬಗ್ಗೆ ನಮಗೆ ತಿಳಿದಿರುವುದೆಲ್ಲ ಯಾರೋ ಓದಿದವರು ಬೇರೆಲ್ಲೋ ಮಾಡಿದ ಉಲ್ಲೇಖದಿಂದ. ಈ ಬರಹವನ್ನು ಅಂಥದೊಂದು ಉಲ್ಲೇಖವೆಂದು ಓದಬೇಕೆಂದು ಕೋರುತ್ತೇನೆ. ಆ ಚಿತ್ರದಲ್ಲಿ ಆರು ಮಕ್ಕಳಿದ್ದರು. ಆರೂ ಮಕ್ಕಳು ಬರಿಗಾಲಿನಲ್ಲಿದ್ದರು. ಅದು ತಪ್ಪಲ್ಲ.